ತುರ್ತು ಗರ್ಭನಿರೋಧಕ ಮತ್ತು ಅದನ್ನು ಕೊಡುವವರ ಮನೋಭಾವ: ಪದೇ ಪದೇ ಕೇಳುವ ಪ್ರಶ್ನೆಗಳು

ತುರ್ತು ಗರ್ಭನಿರೋಧಕದ ಬಗ್ಗೆ ಜನ ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆ. ಕೆಲವು ಮಾತ್ರೆಯನ್ನು ಕುರಿತವು: ಎಷ್ಟು ಹೊತ್ತಿನೊಳಗೆ ನುಂಗಬೇಕು, ತೊಂದರೆ ಏನಾದರೂ ಆಗುತ್ತದೆಯೇ, ಮುಂದೆ ಮಕ್ಕಳಾಗುತ್ತವೆಯೇ. ಉಳಿದವು ಮಾತ್ರೆಯನ್ನು ಕೊಡಬೇಕಾದವರನ್ನು ಕುರಿತವು: ವೈದ್ಯರು ಏಕೆ ಗದರಿದರು, ಔಷಧದಂಗಡಿಯವರು ಇದ್ದರೂ ಏಕೆ ಇಲ್ಲವೆಂದರು, ದಾದಿ ಮದುವೆಯಾಗಿದೆಯೇ ಎಂದು ಏಕೆ ಕೇಳಿದರು. ಮೊದಲನೆಯದು ವೈದ್ಯಕೀಯ, ಎರಡನೆಯದು ಬರೀ ನಡವಳಿಕೆಯ ಮಾತು ಎಂದು ವಿಂಗಡಿಸುವುದು ವಾಡಿಕೆ. ಆದರೆ ಗಂಟೆಗಳ ಲೆಕ್ಕದಲ್ಲಿ ಫಲ ಕೊಡುವ ಔಷಧದ ವಿಷಯದಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ. ಕೊಡುವವರು ಮೀನಮೇಷ ಎಣಿಸುತ್ತಾ ಕಳೆಯುವ ಪ್ರತಿಯೊಂದು ಗಂಟೆಯೂ ಔಷಧದ ಬಲದಿಂದಲೇ ಕಳೆದುಹೋಗುತ್ತದೆ. ಕೆಳಗಿನ ಉತ್ತರಗಳನ್ನು ಈ ದೃಷ್ಟಿಯಿಂದ ಬರೆಯಲಾಗಿದೆ.

ತುರ್ತು ಗರ್ಭನಿರೋಧಕ ಎಂದರೆ ಯಾವುದು?

ಅಸುರಕ್ಷಿತ ಸಂಭೋಗವಾದ ಮೇಲೆ, ಅಥವಾ ಕಾಂಡೋಮ್ ಹರಿದಾಗ, ನಿತ್ಯದ ಮಾತ್ರೆ ಮರೆತಾಗ, ಗರ್ಭ ನಿಲ್ಲದಂತೆ ತಡೆಯಲು ಬಳಸುವ ವಿಧಾನಗಳಿಗೆ ಈ ಹೆಸರಿದೆ. ಇಂದು ಮುಖ್ಯವಾಗಿ ಬಳಕೆಯಲ್ಲಿರುವವು ಮೂರು. ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನಿನ 1.5 ಮಿಲಿಗ್ರಾಂ ಮಾತ್ರೆಯನ್ನು ಒಂದೇ ಬಾರಿಗೆ ನುಂಗುವುದು ಮೊದಲನೆಯದು. ಯುಲಿಪ್ರಿಸ್ಟಲ್ ಅಸಿಟೇಟ್ ಎಂಬ ಔಷಧದ 30 ಮಿಲಿಗ್ರಾಂ ಮಾತ್ರೆ ಎರಡನೆಯದು. ಇದಕ್ಕೆ 2009ರಲ್ಲಿ ಯುರೋಪಿನಲ್ಲಿಯೂ 2010ರಲ್ಲಿ ಅಮೆರಿಕದಲ್ಲಿಯೂ ಅನುಮತಿ ಸಿಕ್ಕಿತು. ಮೂರನೆಯದು ಗರ್ಭಕೋಶದೊಳಗೆ ಅಳವಡಿಸುವ ತಾಮ್ರದ ವಂಕಿ, ಅಂದರೆ ಕಾಪರ್ ಟಿ. ಲೆವೊನಾರ್ಜೆಸ್ಟ್ರೆಲ್ ಇರುವ 52 ಮಿಲಿಗ್ರಾಂ ವಂಕಿಯೂ ಈ ಕೆಲಸದಲ್ಲಿ ತಾಮ್ರದ ವಂಕಿಗಿಂತ ಕಡಿಮೆಯೇನಲ್ಲ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಇವೆಲ್ಲಕ್ಕೂ ಮೊದಲು ಇದ್ದದ್ದು ಕೆನಡಾದ ವೈದ್ಯ ಆಲ್ಬರ್ಟ್ ಯುಜ್ಪೆ 1970ರ ದಶಕದಲ್ಲಿ ರೂಪಿಸಿದ ಕ್ರಮ. ಈಸ್ಟ್ರೋಜನ್ ಬೆರೆತ ಮಾತ್ರೆಗಳನ್ನು 12 ಗಂಟೆಗಳ ಅಂತರದಲ್ಲಿ ಎರಡು ಸಲ ನುಂಗಬೇಕಿದ್ದ ಆ ಕ್ರಮದಲ್ಲಿ ವಾಂತಿ, ವಾಕರಿಕೆ ವಿಪರೀತವಾಗಿತ್ತು. ಹಳಬರಾದ ಕೆಲವು ವೈದ್ಯರು ಇಂದಿಗೂ ಈ ಮಾತ್ರೆಗಳನ್ನು ‘ಕಠೋರವಾದ ಔಷಧ’ ಎಂದು ಕರೆಯುವುದರ ಹಿಂದೆ ಆ ಕಾಲದ ನೆನಪಿದೆ ಎಂದು ಊಹಿಸಬಹುದು.

ಇದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ?

ಸಂಭೋಗವಾದ ಕೂಡಲೇ ಗರ್ಭ ಕಟ್ಟುವುದಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೆ ಜೀವಂತವಾಗಿದ್ದು ಅಂಡಾಣುವಿಗಾಗಿ ಕಾಯಬಲ್ಲವು. ಅಂಡಾಣುವಿನ ಆಯುಸ್ಸಾದರೋ ಬಿಡುಗಡೆಯಾದ ಮೇಲೆ ಸುಮಾರು ಒಂದು ದಿನ ಮಾತ್ರ. ಈ ಕಾಯುವ ಅವಧಿಯಲ್ಲಿ ಅಂಡಾಣು ಹೊರಬರದಂತೆ ತಡೆದರೆ, ಅಥವಾ ಅದು ಹೊರಬರುವುದನ್ನು ಕೆಲವು ದಿನ ಮುಂದೂಡಿದರೆ, ಎರಡೂ ಸಂಧಿಸುವುದೇ ಇಲ್ಲ. ಮಾತ್ರೆಗಳು ಮಾಡುವುದು ಇಷ್ಟೇ.

ಅಂಡಾಣು ಬಿಡುಗಡೆಯಾಗುವ ಮೊದಲು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಉಕ್ಕುತ್ತದೆ. ಲೆವೊನಾರ್ಜೆಸ್ಟ್ರೆಲ್ ಆ ಉಕ್ಕು ಆರಂಭವಾಗುವ ಮೊದಲೇ ದೇಹ ಸೇರಿದರೆ ಬಿಡುಗಡೆಯನ್ನು ತಡೆಯುತ್ತದೆ. ಆರಂಭವಾದ ಮೇಲೆ ಸೇರಿದರೆ ಅದರ ಆಟ ಹೆಚ್ಚು ನಡೆಯದು. ಯುಲಿಪ್ರಿಸ್ಟಲ್‌ನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಉಕ್ಕು ಶುರುವಾಗಿದ್ದರೂ ಶಿಖರ ಮುಟ್ಟುವ ಮೊದಲು ನುಂಗಿದರೆ ಅದು ಬಿಡುಗಡೆಯನ್ನು ಮುಂದೂಡಬಲ್ಲದು. ತಾಮ್ರದ ವಂಕಿಯ ರೀತಿ ಬೇರೆ. ತಾಮ್ರದ ಅಯಾನುಗಳು ವೀರ್ಯಾಣುವಿಗೂ ಅಂಡಾಣುವಿಗೂ ವಿಷವಾಗಿ ಪರಿಣಮಿಸಿ ಅವು ಕೂಡದಂತೆ ನೋಡಿಕೊಳ್ಳುತ್ತವೆ. ಗರ್ಭಕೋಶದ ಒಳಪದರದ ಮೇಲೂ ತಾಮ್ರದ ಪರಿಣಾಮ ಇರುತ್ತದೆ.

ಹಾಗಾದರೆ ಇದು ಗರ್ಭಪಾತದ ಮಾತ್ರೆ ಅಲ್ಲವೇ?

ಅಲ್ಲ. ಗರ್ಭಪಾತಕ್ಕೆ ಬಳಸುವ ಔಷಧಗಳು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್; ಅವು ಈಗಾಗಲೇ ನಿಂತಿರುವ ಗರ್ಭವನ್ನು ಕೊನೆಗೊಳಿಸುತ್ತವೆ. ತುರ್ತು ಗರ್ಭನಿರೋಧಕ ಮಾತ್ರೆಯನ್ನು ನಿಂತ ಗರ್ಭದ ಮೇಲೆ ಪ್ರಯೋಗಿಸಿದರೆ ಏನೂ ಆಗುವುದಿಲ್ಲ. ಗರ್ಭಿಣಿಯೆಂದು ತಿಳಿಯದೆ ಲೆವೊನಾರ್ಜೆಸ್ಟ್ರೆಲ್ ನುಂಗಿದವರಲ್ಲಿ ಗರ್ಭಪಾತವಾಗಲಿ, ಮಗುವಿಗೆ ಊನವಾಗಲಿ ಹೆಚ್ಚಾದದ್ದು ಕಂಡುಬಂದಿಲ್ಲ.

ಇಷ್ಟು ನೇರವಾದ ವಿಷಯದಲ್ಲಿ ವೈದ್ಯರೂ ಔಷಧ ವಿತರಕರೂ ಎಡವುವುದೇಕೆ ಎಂಬುದು ನ್ಯಾಯವಾದ ಪ್ರಶ್ನೆ. ಕಾರಣ ಸ್ವಲ್ಪ ಮಟ್ಟಿಗೆ ಔಷಧದ ಪೆಟ್ಟಿಗೆಯ ಮೇಲೆಯೇ ಇತ್ತು. ಆರಂಭದ ವರ್ಷಗಳಲ್ಲಿ ಲೆವೊನಾರ್ಜೆಸ್ಟ್ರೆಲ್ ಹೇಗೆ ಕೆಲಸ ಮಾಡುತ್ತದೆಂಬುದು ಖಚಿತವಾಗಿರಲಿಲ್ಲವಾದ್ದರಿಂದ, ಫಲಿತ ಅಂಡಾಣು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳದಂತೆಯೂ ಅದು ತಡೆಯಬಹುದು ಎಂಬ ಸಾಲನ್ನು ಸೂಚನಾಪತ್ರದಲ್ಲಿ ಸೇರಿಸಲಾಗಿತ್ತು. ಆಮೇಲಿನ ಅಧ್ಯಯನಗಳಲ್ಲಿ, ಅಂಡಾಣು ಬಿಡುಗಡೆಯಾದ ನಂತರ ಮಾತ್ರೆ ನುಂಗಿದ ಮಹಿಳೆಯರು ಮಾತ್ರೆ ನುಂಗದಿದ್ದರೆ ಎಷ್ಟು ಮಂದಿ ಗರ್ಭಿಣಿಯರಾಗುತ್ತಿದ್ದರೋ ಹೆಚ್ಚುಕಡಿಮೆ ಅಷ್ಟೇ ಮಂದಿ ಗರ್ಭಿಣಿಯರಾದದ್ದು ಕಂಡುಬಂತು. ಅಂಟುವುದನ್ನು ತಡೆಯುವ ಶಕ್ತಿ ಅದಕ್ಕಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಆದರೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪ್ಲ್ಯಾನ್ ಬಿ ಒನ್ ಸ್ಟೆಪ್ ಎಂಬ ಮಾತ್ರೆಯ ಸೂಚನಾಪತ್ರದಿಂದ ಆ ಸಾಲನ್ನು ತೆಗೆದದ್ದು 2022ರ ಡಿಸೆಂಬರ್‌ನಲ್ಲಿ. ವಿಜ್ಞಾನ ತಿದ್ದಿಕೊಂಡ ತಪ್ಪು ಕಾಗದದ ಮೇಲೆ ವರ್ಷಗಟ್ಟಲೆ ಉಳಿದಾಗ, ಅದನ್ನು ಓದಿ ಕಲಿತವರ ಮನಸ್ಸಿನಲ್ಲಿಯೂ ಉಳಿಯುವುದು ಸಹಜವೇ.

ಎಷ್ಟು ಗಂಟೆಗಳೊಳಗೆ ನುಂಗಬೇಕು, ಎಷ್ಟರ ಮಟ್ಟಿಗೆ ನಂಬಬಹುದು?

ಸಾಧ್ಯವಾದಷ್ಟು ಬೇಗ ಎಂಬುದೇ ಸರಿಯಾದ ಉತ್ತರ. ವಿಶ್ವ ಆರೋಗ್ಯ ಸಂಸ್ಥೆ ಸುಮಾರು ಎರಡು ಸಾವಿರ ಮಹಿಳೆಯರ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗಬಹುದಾಗಿದ್ದ ಗರ್ಭಗಳ ಪೈಕಿ ಲೆವೊನಾರ್ಜೆಸ್ಟ್ರೆಲ್ ತಡೆದದ್ದು ಮೊದಲ 24 ಗಂಟೆಗಳಲ್ಲಿ ನುಂಗಿದವರಲ್ಲಿ ನೂರಕ್ಕೆ 95, ಎರಡನೆಯ ದಿನ ನುಂಗಿದವರಲ್ಲಿ 85, ಮೂರನೆಯ ದಿನ ನುಂಗಿದವರಲ್ಲಿ 58. ನಂತರದ ಅಧ್ಯಯನಗಳ ಅಂಕಿಗಳು ಇಷ್ಟು ಕಡಿದಾಗಿ ಇಳಿಯದಿದ್ದರೂ ತಡವಾದಷ್ಟೂ ನಷ್ಟ ಎಂಬ ದಿಕ್ಕು ಬದಲಾಗಿಲ್ಲ. ಲೆವೊನಾರ್ಜೆಸ್ಟ್ರೆಲ್ ಬಳಸಿದವರಲ್ಲಿ ನೂರಕ್ಕೆ 1.2ರಿಂದ 2.1ರಷ್ಟು, ಯುಲಿಪ್ರಿಸ್ಟಲ್ ಬಳಸಿದವರಲ್ಲಿ 1.2ರಷ್ಟು ಮಂದಿ ಗರ್ಭಿಣಿಯರಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನಗಳೊಳಗೆ ಹಾಕಿಸಿದ ತಾಮ್ರದ ವಂಕಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಗರ್ಭವನ್ನು ತಡೆಯುತ್ತದೆ. ಈ ಮೂರರಲ್ಲಿ ಅದನ್ನು ಮೀರಿಸಿದ್ದಿಲ್ಲ.

ಲೆವೊನಾರ್ಜೆಸ್ಟ್ರೆಲ್‌ಗೆ ಸಾಮಾನ್ಯವಾಗಿ ಹೇಳುವ 72 ಗಂಟೆಗಳ, ಅಂದರೆ ಮೂರು ದಿನಗಳ ಗಡಿಯನ್ನು ಕೆಲವರು ಬಾಗಿಲು ಹಾಕಿಬಿಡುವ ಗಳಿಗೆಯೆಂದು ತಿಳಿದಿದ್ದಾರೆ. ಹಾಗಲ್ಲ. ನಾಲ್ಕನೆಯ, ಐದನೆಯ ದಿನಕ್ಕೆ ಯುಲಿಪ್ರಿಸ್ಟಲ್ ಇದೆ, ವಂಕಿ ಇದೆ. ಎರಡೂ ಕೈಗೆಟುಕದಿದ್ದರೆ ಬಲ ಕುಂದಿದ್ದರೂ ಲೆವೊನಾರ್ಜೆಸ್ಟ್ರೆಲ್ ಕೊಡಬಹುದು. ‘ಮೂರು ದಿನ ಕಳೆಯಿತು, ಇನ್ನೇನೂ ಮಾಡಲಾಗದು’ ಎಂದು ಹಿಂದಕ್ಕೆ ಕಳಿಸುವುದು ತಪ್ಪು. ‘ಮೂರು ದಿನ ಇದೆಯಲ್ಲ, ನಾಳೆ ಬನ್ನಿ’ ಎನ್ನುವುದು ಅದಕ್ಕಿಂತಲೂ ದೊಡ್ಡ ತಪ್ಪು. ‘ಮರುದಿನದ ಮಾತ್ರೆ’ ಎಂಬ ರೂಢಿಯ ಹೆಸರೂ ಒಳ್ಳೆಯದಲ್ಲ. ಬೆಳಗಾಗುವವರೆಗೆ ಕಾಯಬೇಕೆಂದೂ, ಮರುದಿನ ದಾಟಿದರೆ ಮುಗಿಯಿತೆಂದೂ ಒಟ್ಟಿಗೇ ಎರಡು ಸುಳ್ಳನ್ನು ಅದು ಹೇಳುತ್ತದೆ.

ಕೊಡುವವರು ಹಿಂಜರಿಯಲು ಕಾರಣಗಳೇನು?

ಎಲ್ಲ ಹಿಂಜರಿಕೆಗೂ ಒಂದೇ ಬೇರಿಲ್ಲ, ಆದ್ದರಿಂದ ಒಂದೇ ಮದ್ದೂ ಇಲ್ಲ. ಮೊದಲನೆಯದು ಈಗಾಗಲೇ ಹೇಳಿದ ಅರಿವಿನ ಕೊರತೆ: ಗರ್ಭಪಾತದ ಭಯ, ಬಂಜೆತನದ ಭಯ, ಹಾರ್ಮೋನಿನ ಪ್ರಮಾಣದ ಭಯ. ಎರಡನೆಯದು ನೈತಿಕವಾದ ಅಸಮಾಧಾನ. ಕೇಳಲು ಬಂದವಳು ಅವಿವಾಹಿತೆಯಾಗಿದ್ದರೆ, ಚಿಕ್ಕ ವಯಸ್ಸಿನವಳಾಗಿದ್ದರೆ, ಅಥವಾ ಹೋದ ತಿಂಗಳೂ ಬಂದಿದ್ದವಳಾದರೆ ಈ ಅಸಮಾಧಾನ ಮೇಲೆ ಬರುತ್ತದೆ; ವಿವಾಹಿತೆ ಕಾಂಡೋಮ್ ಹರಿಯಿತೆಂದು ಬಂದರೆ ಅದೇ ವೈದ್ಯರಿಗೆ ಅದೇ ಮಾತ್ರೆಯಲ್ಲಿ ಯಾವ ದೋಷವೂ ಕಾಣಿಸುವುದಿಲ್ಲ. ಅಲ್ಲಿಗೆ ಅವರು ತೂಗುತ್ತಿರುವುದು ಔಷಧವನ್ನಲ್ಲ ಎಂದಾಯಿತು. ಮೂರನೆಯದು ಸುಲಭವಾಗಿ ಸಿಕ್ಕರೆ ಜನ ನಿತ್ಯದ ಗರ್ಭನಿರೋಧಕಗಳನ್ನು ಬಿಟ್ಟುಬಿಡುತ್ತಾರೆಂಬ ಆತಂಕ. ನಾಲ್ಕನೆಯದು ಕಾನೂನಿನ ಹೆದರಿಕೆ: ವಯಸ್ಸಿನ ಮಿತಿ ಇದೆಯೇ, ಚೀಟಿ ಬೇಕೇ, ಪೋಷಕರ ಒಪ್ಪಿಗೆ ಬೇಕೇ ಎಂಬುದು ತಿಳಿಯದಿದ್ದಾಗ ಇಲ್ಲ ಎಂದುಬಿಡುವುದೇ ಕ್ಷೇಮವೆಂದು ಅನ್ನಿಸುತ್ತದೆ. ಇವಕ್ಕೆ ಸಂಕೋಚವನ್ನೂ ಸೇರಿಸಬೇಕು. ಲೈಂಗಿಕತೆಯ ಬಗ್ಗೆ ಮಾತಾಡಲು ರೋಗಿಗಷ್ಟೇ ಅಲ್ಲ, ವೈದ್ಯರಿಗೂ ನಾಚಿಕೆ ಇರುತ್ತದೆ. ಅದು ಗದರಿಕೆಯ ವೇಷದಲ್ಲಿ ಹೊರಬರುವುದುಂಟು.

ಹಿಂಜರಿಕೆ ಬಾಯಿಬಿಟ್ಟು ‘ಕೊಡುವುದಿಲ್ಲ’ ಎಂದು ಹೇಳುವುದು ಅಪರೂಪ. ಅದು ಬರುವುದು ಬೇರೆ ಬೇರೆ ರೂಪದಲ್ಲಿ: ಅನಗತ್ಯ ಪರೀಕ್ಷೆ, ಎಲ್ಲರೆದುರು ಗಟ್ಟಿ ದನಿಯಲ್ಲಿ ಕೇಳುವ ಪ್ರಶ್ನೆ, ‘ದಾಸ್ತಾನು ಮುಗಿದಿದೆ’ ಎಂಬ ನೆಪ, ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ. ಇವುಗಳಲ್ಲಿ ಯಾವುದನ್ನೂ ನಿರಾಕರಣೆಯೆಂದು ದಾಖಲಿಸಲು ಬರುವುದಿಲ್ಲ. ಕೇಳಲು ಬಂದವಳು ಮಾತ್ರ ಬರಿಗೈಯಲ್ಲಿ ಹೋಗುತ್ತಾಳೆ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ತುದಿಯೂ ಉಂಟು: ಏನೊಂದೂ ಕೇಳದೆ, ಏನೊಂದೂ ಹೇಳದೆ, ಕಾಗದದಲ್ಲಿ ಸುತ್ತಿ ದೂಡಿಬಿಡುವುದು. ಇದರಿಂದ ಮಾತ್ರೆಯೇನೋ ಸಿಗುತ್ತದೆ. ಆದರೆ ಕೊಟ್ಟವರ ಮುಜುಗರ ಅಲ್ಲಿಯೂ ತೆರೆಮರೆಗೆ ಸರಿದಿರುವುದಿಲ್ಲ.

ಸುಲಭವಾಗಿ ಸಿಕ್ಕರೆ ಜನ ಅಜಾಗರೂಕರಾಗುವುದಿಲ್ಲವೇ?

ಈ ಆತಂಕವನ್ನು ಹಗುರವಾಗಿ ತಳ್ಳಿಹಾಕಬೇಕಿಲ್ಲ, ಏಕೆಂದರೆ ಇದನ್ನು ಪರೀಕ್ಷಿಸಿ ನೋಡಲಾಗಿದೆ. ಅಮೆರಿಕದಲ್ಲಿ 15ರಿಂದ 24 ವರ್ಷದೊಳಗಿನ ಎರಡು ಸಾವಿರಕ್ಕೂ ಹೆಚ್ಚು ಯುವತಿಯರನ್ನು ಗುಂಪುಗಳಾಗಿ ಮಾಡಿ, ಕೆಲವರಿಗೆ ಮಾತ್ರೆಯನ್ನು ಮುಂಗಡವಾಗಿ ಕೊಟ್ಟು, ಕೆಲವರಿಗೆ ಔಷಧದಂಗಡಿಯಲ್ಲಿ ನೇರವಾಗಿ ಸಿಗುವಂತೆ ಮಾಡಿ, ಉಳಿದವರು ಚಿಕಿತ್ಸಾಲಯಕ್ಕೆ ಬಂದೇ ಪಡೆಯುವಂತೆ ಮಾಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಮಾತ್ರೆ ಕೈಯಲ್ಲಿದ್ದವರು ಅದನ್ನು ಹೆಚ್ಚಾಗಿ ಬಳಸಿದರು. ಆದರೆ ಅಸುರಕ್ಷಿತ ಸಂಭೋಗವಾಗಲಿ, ಲೈಂಗಿಕ ಸೋಂಕುಗಳಾಗಲಿ ಅವರಲ್ಲಿ ಹೆಚ್ಚಲಿಲ್ಲ, ನಿತ್ಯದ ಗರ್ಭನಿರೋಧಕವನ್ನು ಅವರು ಬಿಟ್ಟುಬಿಡಲೂ ಇಲ್ಲ. ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲದ ವಿಮರ್ಶೆಯೂ ಇದೇ ಮಾತನ್ನು ಹೇಳಿತು.

ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಮುಂಗಡವಾಗಿ ಮಾತ್ರೆ ಕೊಟ್ಟದ್ದರಿಂದ ಆ ಗುಂಪುಗಳಲ್ಲಿ ಒಟ್ಟು ಗರ್ಭಧಾರಣೆಗಳ ಪ್ರಮಾಣ ಇಳಿದದ್ದೂ ಕಂಡುಬರಲಿಲ್ಲ. ಮಾತ್ರೆಯನ್ನು ಎಲ್ಲೆಡೆ ಹಂಚಿದರೆ ಅನಪೇಕ್ಷಿತ ಗರ್ಭಗಳು ಅರ್ಧಕ್ಕರ್ಧ ಇಳಿದಾವು ಎಂದು ಮೊದಮೊದಲು ಭರವಸೆ ಇಟ್ಟವರಿಗೆ ಇದು ನಿರಾಸೆ ತಂದಿತು. ಅಪಾಯ ಇರುವಾಗಲೆಲ್ಲ ಮಹಿಳೆಯರು ಅದನ್ನು ಬಳಸುವುದಿಲ್ಲ, ಎಷ್ಟೋ ಸಲ ಅಪಾಯವೇ ಗೊತ್ತಾಗುವುದಿಲ್ಲ. ಆದರೆ ಇದನ್ನು ಕೊಡದಿರಲು ಕಾರಣವೆಂದು ಎತ್ತಿ ಹೇಳುವವರು ಜನಸಮೂಹದ ಲೆಕ್ಕವನ್ನೂ ಎದುರಿಗೆ ನಿಂತ ಒಬ್ಬಳ ಅಗತ್ಯವನ್ನೂ ಗೊಂದಲ ಮಾಡಿಕೊಳ್ಳುತ್ತಿದ್ದಾರೆ.

ಮತ್ತೆ ಮತ್ತೆ ಬಳಸಿದರೆ ಹಾನಿಯೇ?

ದೇಹಕ್ಕೆ ಹಾನಿಯೆಂಬುದಕ್ಕೆ ಆಧಾರವಿಲ್ಲ, ಬಂಜೆತನವಂತೂ ಬರುವುದಿಲ್ಲ. ತೊಂದರೆ ಇರುವುದು ಲಾಭದ ಕಡೆ: ಮುಟ್ಟು ಏರುಪೇರಾಗುತ್ತದೆ, ನಿತ್ಯದ ವಿಧಾನಗಳಷ್ಟು ಭರವಸೆಯೂ ಸಿಗುವುದಿಲ್ಲ. ಪದೇ ಪದೇ ಬರುವವಳು ಗದರಿಕೆಗೆ ಅರ್ಹಳಲ್ಲ. ಅವಳಿಗೆ ಹೊಂದುವ ನಿತ್ಯದ ವಿಧಾನವನ್ನು ಯಾರೂ ಇನ್ನೂ ಸರಿಯಾಗಿ ವಿವರಿಸಿಲ್ಲ ಎಂಬ ಸಾಧ್ಯತೆಯೇ ಹೆಚ್ಚು. ಆ ಮಾತನ್ನು ಆಡಬೇಕಾದದ್ದು ಮಾತ್ರೆ ಕೊಟ್ಟ ಮೇಲೆ.

ಕೊಡುವ ಮೊದಲು ಪರೀಕ್ಷೆ ಮಾಡಬೇಕೇ, ಯಾರಿಗೆ ಕೊಡಬಾರದು?

ಮಾತ್ರೆಗಳಿಗೆ ಒಳಪರೀಕ್ಷೆಯಾಗಲಿ ರಕ್ತಪರೀಕ್ಷೆಯಾಗಲಿ ಬೇಕಿಲ್ಲ. ಗರ್ಭಪರೀಕ್ಷೆಯೂ ಕಡ್ಡಾಯವಲ್ಲ, ಹಿಂದಿನ ಮುಟ್ಟು ತಪ್ಪಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಕೊನೆಯ ಮುಟ್ಟು ಯಾವಾಗ, ಸಂಭೋಗವಾಗಿ ಎಷ್ಟು ಹೊತ್ತಾಯಿತು, ಬೇರೆ ಯಾವ ಔಷಧ ನಡೆಯುತ್ತಿದೆ ಎಂಬ ಮೂರು ಪ್ರಶ್ನೆಗಳು ಹೆಚ್ಚಿನ ಸಂದರ್ಭಗಳಲ್ಲಿ ಸಾಕು. ಅದು ಯಾರೊಡನೆ, ಏಕೆ, ಒಪ್ಪಿಗೆಯ ಸಂಬಂಧವೇ ಎಂಬುದರಲ್ಲಿ ಕೊನೆಯದೊಂದನ್ನು ಮಾತ್ರ ಕೇಳುವ ಹಕ್ಕು ವೈದ್ಯರಿಗಿದೆ. ಅದೂ ಬಲಾತ್ಕಾರ ನಡೆದಿರಬಹುದೆಂಬ ಕಾಳಜಿಯಿಂದ, ಏಕಾಂತದಲ್ಲಿ.

ಅಪಾಯ ಲಾಭವನ್ನು ಮೀರುತ್ತದೆ ಎನ್ನುವಂಥ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಲೆವೊನಾರ್ಜೆಸ್ಟ್ರೆಲ್ ಮಾತ್ರೆಗೆ ಪಟ್ಟಿಮಾಡಿಲ್ಲ. ಮೊಲೆಯೂಡಿಸುವವರೂ ಇದನ್ನು ನುಂಗಬಹುದು. ಯುಲಿಪ್ರಿಸ್ಟಲ್ ಆದರೆ ಕೆಲಕಾಲ ಹಾಲನ್ನು ಹಿಂಡಿ ಚೆಲ್ಲಬೇಕೆಂಬ ಸಲಹೆ ಇದೆ. ಕ್ಷಯಕ್ಕೆ ರಿಫಾಂಪಿಸಿನ್, ಅಪಸ್ಮಾರಕ್ಕೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್, ಎಚ್‌ಐವಿಗೆ ಎಫಾವಿರೆಂಜ್ ತೆಗೆದುಕೊಳ್ಳುತ್ತಿರುವವರ ಯಕೃತ್ತು ಈ ಹಾರ್ಮೋನುಗಳನ್ನು ಬೇಗ ಕರಗಿಸಿಬಿಡುತ್ತದೆ. ಅಂಥವರಿಗೆ ವಂಕಿಯೇ ಉತ್ತಮ. ಅದು ಆಗದಿದ್ದರೆ ಲೆವೊನಾರ್ಜೆಸ್ಟ್ರೆಲ್‌ನ ಪ್ರಮಾಣವನ್ನು ಇಮ್ಮಡಿಸಿ 3 ಮಿಲಿಗ್ರಾಂ ಕೊಡುವ ಕ್ರಮವಿದೆ. ಔಷಧಗಳ ಬಗ್ಗೆ ಕೇಳದೆ ಕೊಡುವವರು ತಪ್ಪುವುದು ಇಲ್ಲಿಯೇ.

ದೇಹದ ತೂಕ ಹೆಚ್ಚಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲವಂತೆ, ನಿಜವೇ?

ತೂಕ ಹೆಚ್ಚಿದಂತೆ ಲೆವೊನಾರ್ಜೆಸ್ಟ್ರೆಲ್‌ನ ಬಲ ಕುಂದುತ್ತದೆ ಎಂಬ ಸೂಚನೆ ಹಲವು ಅಧ್ಯಯನಗಳಲ್ಲಿದೆ. 2013ರಲ್ಲಿ ಯುರೋಪಿನ ಒಂದು ಮಾತ್ರೆಯ ಸೂಚನಾಪತ್ರದಲ್ಲಿ ಈ ಬಗ್ಗೆ ಎಚ್ಚರಿಕೆ ಸೇರಿಸಲಾಯಿತು. ಮರುವರ್ಷ ಯುರೋಪಿನ ಔಷಧ ಸಂಸ್ಥೆ ಪುರಾವೆಗಳನ್ನು ಮತ್ತೆ ತೂಗಿ, ತೂಕ ಎಷ್ಟೇ ಇರಲಿ ಮಾತ್ರೆ ಕೊಡುವುದರಿಂದ ಲಾಭವೇ ಹೆಚ್ಚು ಎಂದಿತು. ಆದ್ದರಿಂದ ವಂಕಿ ಅಥವಾ ಯುಲಿಪ್ರಿಸ್ಟಲ್ ಸಿಗುವುದಾದರೆ ಅವು ಮೇಲು, ಸಿಗದಿದ್ದರೆ ಲೆವೊನಾರ್ಜೆಸ್ಟ್ರೆಲ್ ಕೊಡದೆ ಕಳಿಸಬಾರದು. ತೂಕವನ್ನು ನೆಪ ಮಾಡಿ ನಿರಾಕರಿಸುವುದಂತೂ ಸಲ್ಲದು.

ವಂಕಿ ಇಷ್ಟು ಪರಿಣಾಮಕಾರಿಯಾದರೆ ಅದನ್ನು ಯಾರೂ ಸೂಚಿಸುವುದಿಲ್ಲವೇಕೆ?

ಅದನ್ನು ಹಾಕಲು ತರಬೇತಿ ಪಡೆದವರು ಬೇಕು, ಅರ್ಧ ಗಂಟೆಯ ಬಿಡುವು ಬೇಕು, ಅದೇ ದಿನ ಸಿಗಬೇಕು. ಜೊತೆಗೆ ಹೆರದವರಿಗೆ ವಂಕಿ ಹಾಕಬಾರದೆಂಬ ಹಳೆಯ ನಂಬಿಕೆ ಇನ್ನೂ ಹೋಗಿಲ್ಲ. ಈಗಿನ ಮಾರ್ಗಸೂಚಿಗಳು ಹಾಗೆ ಹೇಳುವುದಿಲ್ಲ. ತಾವು ಹಾಕಲಾರೆವಾದರೂ ಅಂಥದ್ದೊಂದು ಇದೆಯೆಂದು ಹೇಳಿ, ಎಲ್ಲಿ ಹಾಕುತ್ತಾರೆಂದು ತಿಳಿಸುವುದಕ್ಕೆ ಯಾವ ತರಬೇತಿಯೂ ಬೇಕಾಗಿಲ್ಲ.

ವೈದ್ಯರ ಚೀಟಿ ಇಲ್ಲದೆ ಕೊಡುವುದು ಸರಿಯೇ?

ಲೆವೊನಾರ್ಜೆಸ್ಟ್ರೆಲ್ ಮಟ್ಟಿಗೆ ಬಹಳಷ್ಟು ದೇಶಗಳು ಸರಿಯೆಂದು ತೀರ್ಮಾನಿಸಿವೆ. ಒಂದೇ ಪ್ರಮಾಣ, ಮಿತಿಮೀರಿದರೂ ಪ್ರಾಣಾಪಾಯವಿಲ್ಲ, ಚಟ ಹಿಡಿಸುವುದಿಲ್ಲ, ತನಗೆ ಬೇಕೇ ಬೇಡವೇ ಎಂಬುದು ಬಳಸುವವಳಿಗೇ ಗೊತ್ತಿರುತ್ತದೆ. ಚೀಟಿಯಿಲ್ಲದೆ ಮಾರುವ ಔಷಧಕ್ಕೆ ಇರಬೇಕಾದ ಲಕ್ಷಣಗಳು ಇವೇ. ಫ್ರಾನ್ಸ್ 1999ರಲ್ಲಿ, ಬ್ರಿಟನ್ 2001ರಲ್ಲಿ, ಭಾರತ 2005ರಲ್ಲಿ ಇದಕ್ಕೆ ದಾರಿ ತೆರೆದವು. ಜರ್ಮನಿ 2015ರವರೆಗೆ ಕಾಯಿತು.

ಆದರೆ ಈ ಹಾದಿ ಒಂದೇ ದಿಕ್ಕಿನದಲ್ಲ. ಪೋಲೆಂಡ್ 2015ರಲ್ಲಿ ಯುಲಿಪ್ರಿಸ್ಟಲ್‌ಗೆ ಚೀಟಿ ಬೇಡವೆಂದು ಹೇಳಿ 2017ರಲ್ಲಿ ಮತ್ತೆ ಬೇಕೆಂದಿತು. 2024ರಲ್ಲಿ ನಿರ್ಬಂಧ ಸಡಿಲಿಸುವ ಮಸೂದೆಗೆ ಅಧ್ಯಕ್ಷರು ಒಪ್ಪಿಗೆ ನಿರಾಕರಿಸಿದಾಗ, ಔಷಧ ವಿತರಕರೇ ಚೀಟಿ ಬರೆದುಕೊಡುವ ಒಳದಾರಿಯನ್ನು ಸರ್ಕಾರ ಹುಡುಕಿತು. ಹೊಂಡುರಾಸ್ 2009ರಲ್ಲಿ ಈ ಮಾತ್ರೆಗಳನ್ನು ಪೂರ್ತಿಯಾಗಿ ನಿಷೇಧಿಸಿತ್ತು. 2023ರ ಮಾರ್ಚ್ 8ರಂದು ಅಲ್ಲಿನ ಅಧ್ಯಕ್ಷೆ ಆ ನಿಷೇಧವನ್ನು ತೆಗೆದರು. ಅಮೆರಿಕದಲ್ಲಿ 2011ರಲ್ಲಿ ಔಷಧ ಆಡಳಿತ ವಯಸ್ಸಿನ ಮಿತಿ ಬೇಡವೆಂದರೂ ಆರೋಗ್ಯ ಸಚಿವೆ ಅದನ್ನು ತಳ್ಳಿಹಾಕಿದರು. 2013ರಲ್ಲಿ ನ್ಯಾಯಾಲಯ ಮಧ್ಯೆ ಪ್ರವೇಶಿಸಿದ ಮೇಲಷ್ಟೇ ಆ ಮಿತಿ ಹೋಯಿತು.

ಕಾನೂನು ಅನುಮತಿಸಿದ ಮೇಲೆ ಸಮಸ್ಯೆ ಮುಗಿಯಿತಲ್ಲವೇ?

ಮುಗಿಯುವುದಿಲ್ಲ, ಮನೋಭಾವದ ಪ್ರಶ್ನೆ ಎದ್ದು ಕಾಣುವುದೇ ಆಗ. ಅಮೆರಿಕದ ಐದು ನಗರಗಳಲ್ಲಿ ಸಂಶೋಧಕರು 900ಕ್ಕೂ ಹೆಚ್ಚು ಔಷಧದಂಗಡಿಗಳಿಗೆ ಎರಡೆರಡು ಬಾರಿ ಫೋನ್ ಮಾಡಿಸಿದರು: ಒಮ್ಮೆ 17 ವರ್ಷದ ಹುಡುಗಿಯ ಹೆಸರಿನಲ್ಲಿ, ಇನ್ನೊಮ್ಮೆ 17 ವರ್ಷದ ರೋಗಿಯ ಪರವಾಗಿ ವಿಚಾರಿಸುವ ವೈದ್ಯರ ಹೆಸರಿನಲ್ಲಿ. ಆಗಿನ ನಿಯಮದ ಪ್ರಕಾರ 17 ತುಂಬಿದವರು ಚೀಟಿಯಿಲ್ಲದೆ ಕೊಳ್ಳಬಹುದಿತ್ತು. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಯಾವ ಕಾರಣಕ್ಕೂ ಸಿಗುವುದಿಲ್ಲ ಎಂಬ ಉತ್ತರ ಹುಡುಗಿಗೆ ಸಿಕ್ಕಿದ್ದು ನೂರಕ್ಕೆ 19 ಕರೆಗಳಲ್ಲಿ, ವೈದ್ಯರಿಗೆ 3 ಕರೆಗಳಲ್ಲಿ. ಅಂಗಡಿ ಅದೇ, ಔಷಧ ಅದೇ, ನಿಯಮ ಅದೇ. ಬದಲಾದದ್ದು ಕೇಳಿದ ದನಿ.

ಹುಡುಗಿಯರ ಬದಲು ಗಂಡಸರು ಕೊಳ್ಳಲು ಬಂದಾಗಲೂ ಕೆಲವರು ಅನುಮಾನಿಸುತ್ತಾರೆ. ಮಾತ್ರೆಯನ್ನು ಬಲವಂತವಾಗಿ ನುಂಗಿಸಿಯಾರೆಂಬ ಕಾಳಜಿ ಅರ್ಥವಾಗುವಂಥದ್ದೇ. ಆದರೆ ಜವಾಬ್ದಾರಿ ಹಂಚಿಕೊಳ್ಳಲು ಬಂದವರನ್ನೆಲ್ಲ ಅದೇ ಕಣ್ಣಿನಿಂದ ನೋಡಿದರೆ ಹೊತ್ತು ಕಳೆಯುವುದು ಮತ್ತೆ ಹೆಣ್ಣಿನದೇ.

ಆತ್ಮಸಾಕ್ಷಿ ಒಪ್ಪದಿದ್ದರೆ ನಿರಾಕರಿಸುವ ಹಕ್ಕು ವೈದ್ಯರಿಗಿಲ್ಲವೇ?

ಇದು ಕಠಿಣವಾದ ಪ್ರಶ್ನೆ, ಮತ್ತು ದೇಶದಿಂದ ದೇಶಕ್ಕೆ ಉತ್ತರ ಬೇರೆ. ವ್ಯಕ್ತಿಯ ನಂಬಿಕೆಯನ್ನು ಗೌರವಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟದ ನಿಲುವು ಹೀಗಿದೆ: ನಂಬಿಕೆಯ ಕಾರಣಕ್ಕೆ ಸೇವೆ ಕೊಡಲಾರದವರು ಅದನ್ನು ಮುಂಚಿತವಾಗಿ ತಿಳಿಸಬೇಕು, ಕೊಡಬಲ್ಲವರ ಬಳಿಗೆ ಕಳಿಸಬೇಕು, ಬೇರೆ ಯಾರೂ ಸಿಗದ ತುರ್ತಿನಲ್ಲಿ ತಾವೇ ಕೊಡಬೇಕು. ಫ್ರಾನ್ಸ್‌ನ ಇಬ್ಬರು ಔಷಧ ವ್ಯಾಪಾರಿಗಳು ಧಾರ್ಮಿಕ ಕಾರಣಕ್ಕೆ ಗರ್ಭನಿರೋಧಕ ಮಾತ್ರೆ ಮಾರಲು ನಿರಾಕರಿಸಿ ಶಿಕ್ಷೆಗೊಳಗಾಗಿ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಔಷಧದಂಗಡಿಯಲ್ಲಿ ಮಾತ್ರ ಸಿಗುವ, ಕಾನೂನುಬದ್ಧವಾದ ಔಷಧದ ವಿಷಯದಲ್ಲಿ ತಮ್ಮ ನಂಬಿಕೆಯನ್ನು ಇತರರ ಮೇಲೆ ಹೇರಲಾಗದೆಂದು ನ್ಯಾಯಾಲಯ 2001ರಲ್ಲಿ ಹೇಳಿ, ಅವರ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಆ ಪ್ರಕರಣ ತುರ್ತು ಮಾತ್ರೆಯದಲ್ಲ, ಸಾಮಾನ್ಯ ಗರ್ಭನಿರೋಧಕದ್ದು. ಆದರೂ ತರ್ಕ ಇಲ್ಲಿಗೆ ಅನ್ವಯಿಸುತ್ತದೆ ಎಂದು ನನಗೆ ತೋರುತ್ತದೆ. ನಾಳೆಗೆ ಮುಂದೂಡಬಹುದಾದ ಚಿಕಿತ್ಸೆಯಲ್ಲಿ ಬೇರೆಯವರ ಬಳಿ ಕಳಿಸುವುದು ನಿಜವಾದ ಪರ್ಯಾಯ; ತಡವಾದಷ್ಟೂ ಬಲಗುಂದುವ ಔಷಧದಲ್ಲಿ ಅದು ಪರ್ಯಾಯವಾಗುವುದು ಆ ಬೇರೆಯವರು ಹತ್ತಿರದಲ್ಲಿದ್ದು, ಬಾಗಿಲು ತೆರೆದಿದ್ದರೆ ಮಾತ್ರ.

ಅತ್ಯಾಚಾರಕ್ಕೊಳಗಾದವರಿಗೆ ಏನು ಕ್ರಮ?

ಐದು ದಿನಗಳೊಳಗೆ ಬಂದವರೆಲ್ಲರಿಗೂ ತುರ್ತು ಗರ್ಭನಿರೋಧಕವನ್ನು ನೀಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ದೂರು ದಾಖಲಾಗಿದೆಯೇ, ಪೊಲೀಸರು ಬಂದಿದ್ದಾರೆಯೇ ಎಂದು ಮಾತ್ರೆ ಕಾಯಬಾರದು. ಸೋಂಕು ತಡೆಯುವ ಔಷಧ, ಎಚ್‌ಐವಿಗೆ ಮುನ್ನೆಚ್ಚರಿಕೆಯ ಔಷಧ, ಮಾನಸಿಕ ಆಸರೆ ಇವು ಜೊತೆಜೊತೆಗೇ ನಡೆಯಬೇಕು.

ಜರ್ಮನಿಯ ಕಲೋನ್ ನಗರದಲ್ಲಿ 2012ರ ಕೊನೆಗೆ ಅತ್ಯಾಚಾರಕ್ಕೊಳಗಾದ ಯುವತಿಯೊಬ್ಬಳನ್ನು ಎರಡು ಕ್ಯಾಥೊಲಿಕ್ ಆಸ್ಪತ್ರೆಗಳು ಪರೀಕ್ಷಿಸಲು ನಿರಾಕರಿಸಿದವು. ಈ ಮಾತ್ರೆಯ ಬಗ್ಗೆ ಸಲಹೆ ಕೊಡಬೇಕಾಗಿ ಬರುವುದೆಂಬುದೇ ಅಡ್ಡಿಯಾಗಿತ್ತು. ದೇಶದಲ್ಲೆಲ್ಲ ಗದ್ದಲವಾಯಿತು. ಸಂಪ್ರದಾಯನಿಷ್ಠರೆಂದು ಹೆಸರಾಗಿದ್ದ ಅಲ್ಲಿನ ಕಾರ್ಡಿನಲ್ ಯೋಆಖಿಮ್ ಮೈಸ್ನರ್ ತಜ್ಞರೊಡನೆ ಮಾತಾಡಿ, 2013ರ ಜನವರಿಯಲ್ಲಿ, ಫಲೀಕರಣವನ್ನೇ ತಡೆಯುವ ಮಾತ್ರೆಯನ್ನು ಇಂಥ ಸಂದರ್ಭದಲ್ಲಿ ಕೊಡುವುದು ಒಪ್ಪತಕ್ಕದ್ದು ಎಂದರು. ಮುಂದಿನ ತಿಂಗಳು ಜರ್ಮನಿಯ ಬಿಷಪ್‌ಗಳ ಸಭೆಯೂ ಅದನ್ನೇ ಹೇಳಿತು. ಅವರ ನಂಬಿಕೆ ಬದಲಾಗಲಿಲ್ಲ. ಮಾತ್ರೆ ಏನು ಮಾಡುತ್ತದೆಂಬ ತಿಳಿವಳಿಕೆ ಬದಲಾಯಿತು, ಅದರಿಂದ ನಿರ್ಧಾರ ಬದಲಾಯಿತು.

ಹಾಗಾದರೆ ಮನೋಭಾವ ಬದಲಿಸಲು ತರಬೇತಿ ಸಾಕೇ?

ತಿಳಿವಳಿಕೆಯ ಕೊರತೆಯಿಂದ ಹುಟ್ಟಿದ ಹಿಂಜರಿಕೆಗೆ ತರಬೇತಿ ಚೆನ್ನಾಗಿ ನಾಟುತ್ತದೆ. ಔಷಧ ಹೇಗೆ ಕೆಲಸ ಮಾಡುತ್ತದೆಂಬುದು ಅದರ ಮೊದಲ ಪಾಠವಾಗಬೇಕು. ಅದು ಅರ್ಥವಾಗದೆ ಉಳಿದ ಪಾಠಗಳು ಕಿವಿಗೆ ಬೀಳುವುದಿಲ್ಲ. ನೈತಿಕ ಅಸಮಾಧಾನಕ್ಕೆ ತರಬೇತಿಯ ಬಲ ಸಾಲದು. ಅಲ್ಲಿ ಬೇಕಾದದ್ದು ವ್ಯಕ್ತಿಯ ಮನಸ್ಸಿನ ಮೇಲೆ ಭಾರ ಹಾಕದ ವ್ಯವಸ್ಥೆ: ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟ ಒಂದು ಹಾಳೆ, ಅದರಾಚೆಗೆ ಕೇಳಬಾರದೆಂಬ ನಿಯಮ, ಕಡಿಮೆಯಾಗದಂತೆ ನೋಡಿಕೊಂಡ ದಾಸ್ತಾನು, ನಾಲ್ಕು ಜನರಿಗೆ ಕೇಳಿಸದಂತೆ ಮಾತಾಡಲು ಒಂದು ಮೂಲೆ, ರಜಾದಿನದಲ್ಲಿ ಯಾರು ಕೊಡುತ್ತಾರೆಂಬ ಫಲಕ. ಎಲ್ಲರ ಮನಸ್ಸು ಬದಲಾಗಲೆಂದು ಕಾಯುವುದಕ್ಕಿಂತ, ಬದಲಾಗದ ಮನಸ್ಸೂ ದಾರಿಗಡ್ಡ ಬರದಂತೆ ಏರ್ಪಾಡು ಮಾಡುವುದು ಬೇಗ ಆಗುವ ಕೆಲಸ. ನಿತ್ಯದ ಗರ್ಭನಿರೋಧಕಕ್ಕೋ ಬೇರೆ ಕಾಯಿಲೆಗೋ ಬಂದವರಿಗೆ ಮುಂಗಡವಾಗಿ ಒಂದು ಮಾತ್ರೆ ಕೊಟ್ಟು ಕಳಿಸುವುದೂ ಇಂಥ ಏರ್ಪಾಡೇ: ಬೇಕಾದ ರಾತ್ರಿ ಯಾರ ಮುಖವನ್ನೂ ನೋಡಬೇಕಾಗಿ ಬರುವುದಿಲ್ಲ.

ಮಾತ್ರೆ ಕೊಡುವಾಗ ಏನೇನು ಹೇಳಬೇಕು?

ವಾಕರಿಕೆ, ತಲೆನೋವು, ಆಯಾಸ, ನಡುವೆ ಸ್ವಲ್ಪ ರಕ್ತಸ್ರಾವ ಆಗಬಹುದು, ಗಾಬರಿ ಬೇಡ ಎಂದು ಹೇಳಬೇಕು. ಲೆವೊನಾರ್ಜೆಸ್ಟ್ರೆಲ್ ನುಂಗಿದ ಎರಡು ಗಂಟೆಗಳೊಳಗೆ, ಯುಲಿಪ್ರಿಸ್ಟಲ್ ಆದರೆ ಮೂರು ಗಂಟೆಗಳೊಳಗೆ ವಾಂತಿಯಾದರೆ ಮತ್ತೊಮ್ಮೆ ನುಂಗಬೇಕು. ಹೆಚ್ಚಾಗಿ ಮರೆತುಹೋಗುವ ಮಾತೊಂದಿದೆ: ಮಾತ್ರೆ ಹಿಂದೆ ಆದದ್ದಕ್ಕೆ ಮಾತ್ರ, ಮುಂದೆ ಆಗುವುದಕ್ಕೆ ಅಲ್ಲ. ಅಂಡಾಣುವಿನ ಬಿಡುಗಡೆ ಮುಂದಕ್ಕೆ ಹೋಗಿರುವುದರಿಂದ ನಂತರದ ದಿನಗಳ ಅಸುರಕ್ಷಿತ ಸಂಭೋಗದಲ್ಲಿ ಅಪಾಯ ಇನ್ನೂ ಹೆಚ್ಚು. ಲೆವೊನಾರ್ಜೆಸ್ಟ್ರೆಲ್ ಆದ ಮೇಲೆ ನಿತ್ಯದ ಗರ್ಭನಿರೋಧಕ ಮಾತ್ರೆಯನ್ನು ಅಂದೇ ಆರಂಭಿಸಬಹುದು. ಯುಲಿಪ್ರಿಸ್ಟಲ್ ಆದ ಮೇಲೆ ಐದು ದಿನ ಬಿಟ್ಟು ಆರನೆಯ ದಿನ ಆರಂಭಿಸಬೇಕು, ಇಲ್ಲವಾದರೆ ಒಂದು ಔಷಧ ಇನ್ನೊಂದರ ಕೆಲಸವನ್ನು ಕೆಡಿಸುತ್ತದೆ. ಲೈಂಗಿಕ ಸೋಂಕುಗಳಿಂದ ಇವು ಯಾವುವೂ ಕಾಪಾಡುವುದಿಲ್ಲ ಎಂಬುದನ್ನೂ ಸೇರಿಸಬೇಕು. ಇಷ್ಟನ್ನು ಹೇಳಲು ಐದು ನಿಮಿಷ ಸಾಕು, ಉಪದೇಶ ಮಾಡದಿದ್ದರೆ.

ನನಗೆ ಕೊಡಲು ನಿರಾಕರಿಸಿದರೆ ನಾನು ಏನು ಮಾಡಬೇಕು?

ಅಲ್ಲಿಯೇ ವಾದಕ್ಕೆ ನಿಲ್ಲಬೇಡಿ; ದೂರು ಆಮೇಲೆಯೂ ಕೊಡಬಹುದು, ಗಂಟೆಗಳು ಮರಳಿ ಬರುವುದಿಲ್ಲ. ಬೇರೆಲ್ಲಿ ಸಿಗುತ್ತದೆಂದು ನೇರವಾಗಿ ಕೇಳಿ, ಹೇಳದಿದ್ದರೆ ಇನ್ನೊಂದು ಔಷಧದಂಗಡಿಗೋ ಕುಟುಂಬ ಯೋಜನಾ ಕೇಂದ್ರಕ್ಕೋ ಆಸ್ಪತ್ರೆಯ ತುರ್ತು ವಿಭಾಗಕ್ಕೋ ಹೋಗಿ. ಮೊದಲೇ ಫೋನ್ ಮಾಡಿ ಇದೆಯೇ ಎಂದು ವಿಚಾರಿಸಿದರೆ ಓಡಾಟ ಉಳಿಯುತ್ತದೆ. ಬ್ರ್ಯಾಂಡಿನ ಹೆಸರಿನ ಬದಲು ಔಷಧದ ಹೆಸರನ್ನು, ಅಂದರೆ ‘ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ’ ಎಂದು ಕೇಳಿ. ಒಂದು ಬ್ರ್ಯಾಂಡ್ ಇಲ್ಲದಿದ್ದರೆ ಇನ್ನೊಂದು ಇರುತ್ತದೆ. 0.75 ಮಿಲಿಗ್ರಾಂನ ಎರಡು ಮಾತ್ರೆಗಳು ಸಿಕ್ಕರೆ ಎರಡನ್ನೂ ಒಟ್ಟಿಗೆ ನುಂಗಬಹುದು, 12 ಗಂಟೆ ಕಾಯಬೇಕಿಲ್ಲ. ನಿಮ್ಮ ವಿಳಾಸ, ವೈವಾಹಿಕ ಸ್ಥಿತಿ, ಜೊತೆಗಾರರ ಹೆಸರು ಇವನ್ನು ಹೇಳಬೇಕಾದ ವೈದ್ಯಕೀಯ ಅಗತ್ಯವಿಲ್ಲ. ನಡೆಯುತ್ತಿರುವ ಔಷಧಗಳನ್ನು ಮಾತ್ರ ಮುಚ್ಚಿಡಬೇಡಿ. ಮಾತ್ರೆ ನುಂಗಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಮತ್ತು ಮುಟ್ಟು ನಿರೀಕ್ಷಿಸಿದ ದಿನಕ್ಕಿಂತ ಒಂದು ವಾರ ತಡವಾದರೆ, ಅಥವಾ ಆದದ್ದು ಎಂದಿಗಿಂತ ತೀರ ಕಡಿಮೆ ಅನ್ನಿಸಿದರೆ, ಗರ್ಭಪರೀಕ್ಷೆ ಮಾಡಿಸಿಕೊಳ್ಳಿ. ಕೆಳಹೊಟ್ಟೆಯಲ್ಲಿ ತೀವ್ರವಾದ ನೋವು ಕಾಣಿಸಿದರೆ ಆ ವಾರವನ್ನೂ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.